ಕುಡಿಯದವಗ ಸಾಕ್ಷಿ ಯಾರು?

ಕುಡಿಯೋ ಮನಷ್ಯಾಗ ತನ್ನ ಊರಾಗಿನ ಒಂದು ಸೇಂದಿ ಅಂಗಡಿ ಸಾಕು. ಒಂದು ಹನಿ ಮುಟ್ಟದ ನಾನು ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕಿನ ಸೇಂದಿ ಅಂಗಡಿ ತಿರುಗೇನಿ. ಕುಡದೂ ಏನೂ ಆಗದೆ ನೆಟ್ಟಗ ಮನಿ ಸೇರಿದವ್ರು ಸಾವಿರ ಮಂದಿ ಅದಾರ. ಕುಡಿಯದೆ ಫಜೀತಿ ಪಟ್ಟಾಂವ ನಾನೊಬ್ಬನೇ ಇರಬೇಕು. ಒಂದು ಮುಗೀತು ಅನ್ನೋದರಾಗ ಇನ್ನೊಂದು ತಯಾರ ಇರ್ತಿತ್ತು.

ನಂದು ತೂಕ ಮತ್ತ ಅಳತಿ ಇಲಾಖೆದಾಗ ನೌಕರಿ. ಎಂಬತ್ತರ ದಶಕ ಆಗಷ್ಟ ಸುರು ಆಗಿತ್ತು. ಕಿರಾಣಿ ಅಂಗಡಿ ತಕ್ಕಡಿ, ಎಣ್ಣಿ ಅಂಗಡಿ ಮಾಪು, ಅವುಗಳ ಜೋಡಿ ಸೇಂದಿ ಅಂಗಡಿ ಮಾಪು, ಎಲ್ಲಾ ನಾ ನೋಡಬೇಕು. ಮಾಪು ಅಂದ್ರ ನಮ್ಮ ಕಡಿ ಅಳಿಯೋ ಪಾತ್ರಿ. ಅದರ ತಳಾನ ಒಳಗ ತಟ್ಟಿ ಗಿರಾಕಿಗೆ ಕಡಿಮಿ ಹಾಕಾಕತ್ತಾರೇನು ಅಂತ ಪರೀಕ್ಷಾ ಮಾಡಿ, ಸರಿ ಇದ್ರ ಅದರ ಮ್ಯಾಲ ಸರಕಾರದ ಶಿಕ್ಕಾ ಹೊಡದು ಬರೋದು. ಹಿತ್ತಾಳಿ ಮಾಪು ತುಂಬಿದ ಕಟಗಿ ಪೆಟ್ಟಿಗಿ ಹೆಗಲಿಗೆ ಹಾಕ್ಕೊಂಡು ಬಸ್ಸು ಹತ್ತೋದು, ಇಳಿಯೋದು. ಮಂದಿ ನನಗ ಮಾಪಿನ ಸಾಹೇಬ ಅಂತಿದ್ರು. ಆ ಹೆಸರು ನನಗ ಭಾಳ ಹೆಮ್ಮಿದು.

ಅದೇ ಹೊತ್ತಿಗೆ ಗೊಬ್ಬೂರಿನ ಒಂದು ಸಂಬಂಧ ಬಂತು. ಹುಡುಗಿ ಅಪ್ಪ ಊರಿಗೆ ದೊಡ್ಡ ಗೌಡ್ರು. ಹಣಿ ತುಂಬ ವಿಭೂತಿ, ದಿನಾ ಲಿಂಗಪೂಜಿ ಆಗದ ಬಾಯಾಗ ನೀರು ಹಾಕೋ ಮನಷ್ಯಾ ಅಲ್ಲ. ಅವರದು ಒಂದೇ ಕರಾರು: ಹುಡುಗ ಸೇಂದಿ, ಸೆರೆ ಮುಟ್ಟಬಾರದು. ನಮ್ಮಪ್ಪ ಎದಿ ಮುಟ್ಟಿಕೊಂಡು, ನಮ್ಮ ಹುಡುಗ ಚಾನೇ ಸರಿಯಾಗಿ ಕುಡಿಯಂಗಿಲ್ಲ ಅಂತ ಹೇಳಿದ. ನೌಕರಿ ಅಂದ್ರ ತಕ್ಕಡಿ ನೋಡೋದು ಅಂತ ಅಷ್ಟೇ ಹೇಳಿದ್ದ, ಸೇಂದಿ ಅಂಗಡಿ ಮಾತು ಎತ್ತಲಿಲ್ಲ.

ನಾವು ನೋಡಾಕ ಹೋದಾಗ ಹುಡುಗಿ ಚಾ ಕೊಟ್ಟು ಒಳಗ ಹೋದಾಕಿ ತಿರುಗಿ ಬಂದ್ಲು. ಮನಿಗೆ ಎಣ್ಣಿ ತಂದು ಹಾಕಾಂವ ಮರತು ಬಿಟ್ಟು ಹೋದ ಮಾಪು ಆಕಿ ಕೈಯಾಗಿತ್ತು. ಅದನ್ನ ನನ್ನ ಮುಂದ ಬೋರಲ ಹಾಕಿ, "ಇದರ ತಳ ಜರಾ ನೋಡ್ರಿ, ಒಳಗ ತಟ್ಯಾರ ಅನಸ್ತದ," ಅಂದ್ಲು. ಖರೇನ ತಟ್ಟಿದ್ರು. ನನ್ನ ನೌಕರಿ ಎದಕ್ಕದ ಅಂತ ತಿಳಕೊಂಡ ಮೊದಲನೇ ಮನಷ್ಯಾಳು ಆಕಿ. ನಮ್ಮವ್ವಗೂ ಅದು ಇನ್ನೂ ತಿಳದಿರಲಿಲ್ಲ. ನಾ ಅಲ್ಲೇ ಸೋತೆ. ಲಗ್ನ ಆದ್ರ ಈಕಿನ್ನ, ಇಲ್ಲಂದ್ರ ಈ ಪೆಟ್ಟಿಗಿ ಜೋಡಿನೇ ನನ್ನ ಸಂಸಾರ ಅಂತ ಅವತ್ತೇ ತೀರ್ಮಾನ ಮಾಡಿದೆ. ಮುಂದ ಹೇಳೋದೆಲ್ಲಾ, ಆ ಲಗ್ನ ನನ್ನ ಕೈ ಬಿಟ್ಟು ಹೋಗಾಕ ಹ್ಯಾಂಗ ತಯಾರಿ ಮಾಡ್ತು ಅನ್ನೋದು.

೧. ಸರಕಾರದ ನೀರು

ಖಜೂರಿ ಅಂದ್ರ ಆಳಂದ ತಾಲ್ಲೂಕಿನ ಕಡೀ ಊರು. ದಾಟಿದ್ರ ಮಹಾರಾಷ್ಟ್ರ. ಲಾರಿಯವ್ರು ಅಲ್ಲಿ ನಿಲ್ಲಸದ ಮುಂದ ಹೋಗ್ತಿರಲಿಲ್ಲ. ಜ್ವಾಳದ ದಂಟಿನ ಚಪ್ಪರ, ಅದರ ಕೆಳಗ ಸಾಲಾಗಿ ಮಣ್ಣಿನ ಗಡಿಗಿ, ಗಡಿಗಿ ತುಂಬ ಈಚಲ ಗಿಡದಿಂದ ಇಳಿಸಿದ ಸೇಂದಿ, ಸುತ್ತ ನೊಣ. ನಾ ಹೋದಾಗ ಮುಂಜಾನೆ ಹತ್ತು ಗಂಟೆ ಇರಬೇಕು, ಚಪ್ಪರದಾಗ ಕುಂದರಾಕ ಜಾಗ ಇರಲಿಲ್ಲ.

ಮಾಪು ಪರೀಕ್ಷಾ ಮಾಡೋದು ಹ್ಯಾಂಗಂದ್ರ, ನನ್ನ ಹಿತ್ತಾಳಿ ಮಾಪಿನ್ಯಾಗ ಕಂಠದ ತನಕ ನೀರು ತುಂಬಿ, ಅದನ್ನ ಅಂಗಡಿಯವನ ಮಾಪಿಗೆ ಸುರೀಬೇಕು. ಸರಿ ಕುಂತ್ರ ಪಾಸು, ಉಕ್ಕಿ ಚೆಲ್ಲಿದ್ರ ಫೇಲು. ಮಾಲಕಗ ಒಂದು ಕೊಡ ನೀರು ತರಸು ಅಂದೆ. ತರಸಿದ. ನಾ ಗಡಿಗಿ ಮಗ್ಗಲದಾಗ ಕುಂತು ಸುರ್ಯಾಕ ಸುರು ಮಾಡಿದೆ. ಕುಡ್ಯಾಕ ಬಂದ ಮಂದಿ ಒಬ್ಬೊಬ್ಬರೇ ಎದ್ದು ಬಂದು ನನ್ನ ಸುತ್ತ ನಿಂತ್ರು. ಸೇಂದಿ ಹಾಕೋ ಮಾಪಿನ್ಯಾಗ ಸರಕಾರದ ಮನಷ್ಯಾ ಎಲ್ಲಾರ ಎದುರಿಗೆ ನೀರು ಸುರ್ಯಾಕತ್ತಾನ, ಮಾಲಕ ಕೈಕಟ್ಟಿಕೊಂಡು ನೋಡಾಕತ್ತಾನ. ಅವರಿಗೆ ಕಂಡದ್ದು ಇಷ್ಟು.

ಇಷ್ಟು ದಿನ ಈ ಮಗ ಕದ್ದು ನೀರು ಬೆರಸ್ತಿದ್ದ, ಈಗ ಆಫೀಸಿನ ಮಂದೀನ ಕರಸಿ ಬೆರಸಾಕತ್ತಾನ ಅಂತ ಒಬ್ಬ ಮುದುಕ ಅಂದ. ನಾ ತಲಿ ಎತ್ತಿ, ಇದು ಬೆರಸಾಕ ಅಲ್ರಿ, ಅಳ್ಯಾಕ ಅಂದೆ. ಮುಂದ ನಿಂತಾಂವ ಹಿಂದಿನವ್ರಿಗೆ ತಿರುಗಿ, ಅಳದು ಬೆರಸ್ತಾರಂತ ಅಂತ ತಿಳಿಸಿ ಹೇಳಿದ. ಮಾಪು ಸರಿ ಇತ್ತು, ನಾ ಶಿಕ್ಕಾ ಹೊಡದೆ. ಅದು ಇನ್ನೂ ಕೆಟ್ಟಾತು. ನೀರು ಹಾಕಿದ್ದಕ್ಕ ಶಿಕ್ಕಾನೂ ಬಿತ್ತು, ಇನ್ನ ಯಾರಿಗೆ ಹೇಳೋದು ಅಂತ ಮಂದಿ ಗೊಣಗ್ಯಾಡಾಕ ಹತ್ತಿದ್ರು.

ಗಡಿಗಿ ಒಳಗ ನಾ ಒಂದು ಹನಿ ನೀರು ಹಾಕಿರಲಿಲ್ಲ, ದೇವರಾಣಿ. ಆದ್ರ ಗಡಿ ಆಚಿಂದ ಬಂದ ಒಬ್ಬ ಲಾರಿ ಡ್ರೈವರ್ ಅದೇ ಗಡಿಗಿದು ಒಂದು ಲೋಟ ತಗೊಂಡು, ಕಣ್ಣ ಮುಚ್ಚಿ ಕುಡದು, ಅರ್ಧ ಮರಾಠಿ ಅರ್ಧ ಕನ್ನಡದಾಗ ತೀರ್ಪು ಕೊಟ್ಟ: "ಮಾಲಕರ, ಇನ್ನ ಮ್ಯಾಲ ಸರಕಾರದ ನೀರೇ ಹಾಕ್ರಿ. ನಿಮ್ಮ ನೀರಿಗಿಂತ ಇದು ಬೇಸ್ ಅದ."

೨. ಎರಡು ಮಾಪು

ನಮ್ಮ ಕಡಿ ಮಾತಿನ್ಯಾಗ ಉರ್ದು ಭಾಳ. ಕ್ಷಮಾ ಮಾಡ್ರಿ ಅನ್ನಾಕ 'ಮಾಪ ಮಾಡ್ರಿ' ಅಂತಾರ. ಅಳತಿ ಮಾಡ್ರಿ ಅನ್ನಾಕೂ 'ಮಾಪ ಮಾಡ್ರಿ' ಅಂತಾರ. ದಿನಾ ಅಳತಿ ಮಾಡೋ ನನಗ ಎರಡನೇದೇ ಮೊದಲ ಕೇಳಸ್ತಿತ್ತು.

ಸೊನ್ನದ ಕಡೆ ಭೀಮಾ ಹೊಳಿ ದಂಡಿ ಮ್ಯಾಲ ಒಂದು ಅಂಗಡಿ ಇತ್ತು. ಹೊಳಿ ಗಾಳಿ, ಬೇವಿನ ನೆರಳು, ಕುಡಿಯದ ನನಗೂ ಅಲ್ಲಿ ಕುಂದರಬೇಕು ಅನಸ್ತಿತ್ತು. ನಾ ಹೋದಾಗ ಮಧ್ಯಾಹ್ನ, ಸಾಲಿ ನಡಿಯೋ ಹೊತ್ತು. ಮೂಲಿಯಾಗ ಒಬ್ಬ ಮಾಸ್ತರ ಕುಂತಿದ್ದ. ಮಾಸ್ತರ ಅಂತ ನನಗ ಆಮ್ಯಾಲ ತಿಳೀತು. ಅವಗ ನನ್ನ ಪ್ಯಾಂಟು, ಕಿಸೆದಾಗಿನ ಎರಡು ಪೆನ್ನು, ಪೆಟ್ಟಿಗಿ ನೋಡಿ ಸಾಲಿ ತಪಾಸಣಾ ಮಾಡೋ ಸಾಹೇಬ ಬಂದಾನ ಅನಿಸಿ ಬಿಟ್ಟಿತ್ತು. ಲೋಟ ಹಿಡಕೊಂಡೇ ಎದ್ದು ನಿಂತು, "ಮಾಪ ಮಾಡ್ರಿ ಸಾಹೇಬ್ರ," ಅಂದ.

ನನಗ ಖುಷಿ ಆಗಿ ಕಣ್ಣಾಗ ನೀರು ಬರೋದೊಂದು ಬಾಕಿ. ಇಷ್ಟು ವರ್ಷದಾಗ ತಾನಾಗೇ ಎದ್ದು ಬಂದು ಮಾಪ ಮಾಡ್ರಿ ಅಂದ ಮೊದಲನೇ ಗಿರಾಕಿ. ಬರ್ರಿ, ಕೊಡ್ರಿ ಇಲ್ಲೆ ಅಂತ ಲೋಟ ಇಸಗೊಂಡು ನನ್ನ ಮಾಪಿಗೆ ಸುರದೆ. ಕಾಲು ಭಾಗ ಕಡಿಮಿ ಬಿತ್ತು. ನನ್ನ ಪಿತ್ತ ನೆತ್ತಿಗೇರ್ತು. ಇಂಥ ಅಮಾಯಕ ಮನಷ್ಯಾಗ ಮೋಸ ಮಾಡ್ಯಾರಲ್ಲ ಅಂತ ಸಂಕಟ.

"ಭಾಳ ಕಮ್ಮಿ ಅದಲ್ರಿ ಇದು," ಅಂದೆ.

ಮಾಸ್ತರನ ಮುಖಕ್ಕ ಜೀವ ಬಂತು. "ಹೌದ್ರಿ. ನಾನೂ ಈಗೀಗ ಕಮ್ಮಿನೇ ಮಾಡೇನ್ರಿ."

"ಹಂಗಂತ ಸುಮ್ನ ಕುಡಕೋತ ಕುಂದರೋದೇನು? ಮೊದಲ ಒಂದು ಅರ್ಜಿ ಕೊಡಬೇಕಿತ್ತಿಲ್ಲೋ?"

ಮಾಸ್ತರ ಎರಡೂ ಕೈ ಮುಗದ. "ತಪ್ಪಾತ್ರಿ ಸಾಹೇಬ್ರ. ಕುಡ್ಯಾಕೂ ಅರ್ಜಿ ಕೊಡಬೇಕಂತ ಗೊತ್ತಿರಲಿಲ್ರಿ."

೩. ಮೂಗಿನ ಮನಷ್ಯಾ

ಆ ಮಾಸ್ತರನ ಊರು ಗೊಬ್ಬೂರಿನ ಮಗ್ಗಲಕ್ಕ ಅಂತ ನನಗೇನು ಗೊತ್ತು. ಅಂವಾ ಸಂತಿಯಾಗ ನಿಂತು ನನ್ನ ಹೊಗಳಿದ್ದೇ ಹೊಗಳಿದ್ದು. ಮಾಪಿನ ಸಾಹೇಬ ಅಂತ ಒಬ್ಬರು ಅದಾರ, ಸೇಂದಿ ಅಂಗಡಿಗೆ ಬಂದು, ನನ್ನ ಲೋಟ ನೋಡಿ, ಇಷ್ಟು ಕಮ್ಮಿ ಕುಡೀತಿಯೇನು ಅಂತ ಸಿಟ್ಟಿಗೆದ್ರು, ಎಂಥ ದೊಡ್ಡ ಮನಸ್ಸು ಅಂತ. ಸುದ್ದಿ ಗೌಡ್ರ ಕಿವಿಗೆ ಬಿತ್ತು. ನಮ್ಮ ಸಂಬಂಧ ಕುದುರಿಸಿದ ಹಿರಿಯಾ ಒಬ್ಬ ಇದ್ದ, ಬಟ್ಟಿ ವ್ಯಾಪಾರಿ, ಅರಬಿ ಅಂಗಡಿ ಕಾಕಾ ಅಂತ ನಾವು ಕರೀತಿದ್ವಿ. ಅಂವಾ ಗೌಡ್ರ ಮನಿಗೆ ಓಡಿ ಹೋಗಿ, ಕುಡದ ಬಾಯಿ ಮಾತು ನಂಬಬ್ಯಾಡ್ರಿ, ಹುಡುಗನ ಜವಾಬ್ದಾರಿ ನಂದು ಅಂತ ಹೇಳಿ ತಣ್ಣಗ ಮಾಡಿ ಬಂದ. ಆ ಕಾಕಾನ ಉಪಕಾರ ನಾ ಹ್ಯಾಂಗ ತೀರಿಸಿದೆ ಕೇಳ್ರಿ.

ಒಂದು ದಿನ ಜೇವರ್ಗಿ ತಾಲ್ಲೂಕಿನ್ಯಾಗ ಮೂರು ಅಂಗಡಿ ಮುಗಿಸಿ ಸಂಜಿ ಬಸ್ಸು ಹತ್ತಿದೆ. ಮಾಪು ಎತ್ತಿ ಇಳಿಸೋದರಾಗ ಅದರಾಗ ಉಳದ ಸೇಂದಿ ಅಂಗಿ ತೋಳಿನ ಮ್ಯಾಲ ಚೆಲ್ಲೋದು ಇದ್ದದ್ದೇ. ನನ್ನ ಮಗ್ಗಲಕ್ಕ ಬಿಳಿ ಟೊಪ್ಪಿಗಿ ಹಾಕಿದ ಒಬ್ಬ ಮುದುಕ ಕುಂತಿದ್ದ. ಕಣ್ಣ ಮುಚ್ಚಿಕೊಂಡಿದ್ದ, ಮೂಗು ಮಾತ್ರ ಎಚ್ಚರಿತ್ತು. ಎರಡು ಸಲ ವಾಸನಿ ಎಳಕೊಂಡು, ಮೊದಲನೇ ಅಂಗಡಿ ಊರ ಹತ್ತಿರಿಂದು, ಇವತ್ತ ಮುಂಜಾನೆ ಇಳಿಸಿದ್ದು, ಸಿಹಿ ಅದ ಅಂದ. ನಾ ಗಾಬರಿಯಾಗಿ ನೋಡಿದೆ. ಎರಡನೇದ್ದು ಹಳ್ಳದ ದಂಡಿದು, ಗಡಿಗಿ ತೊಳದು ವಾರ ಆಗ್ಯಾದ ಅಂದ. ಆ ಗಡಿಗಿ ಸಲುವಾಗಿ ನಾನೇ ಮಾಲಕನ ಜೋಡಿ ಜಗಳಾಡಿ ಬಂದಿದ್ದೆ. ಆಮ್ಯಾಲ ನನ್ನ ತೋಳು ಎತ್ತಿ ಮೂಗಿಗೆ ಹಿಡಕೊಂಡು, ಭಾಳ ಹೊತ್ತು ಯೋಚನಿ ಮಾಡಿ, ಮೂರನೇದ್ದು ನಿನ್ನಿದು, ಹುಳಿ ಆಗ್ಯಾದ, ಇದನ್ನ ನೀವು ಮುಟ್ಟಬಾರದಿತ್ತು ಅಂತ ಮರುಗಿದ.

ನನ್ನ ಜಲ್ಮ ಎಲ್ಲಾ ಅಳತಿ ಮಾಡೋದರಾಗ ಹೋಗ್ಯಾದ. ಇಂಥ ಬರಾಬರಿ ಅಳತಿ ನಾ ಕಂಡಿರಲಿಲ್ಲ. ಹಿತ್ತಾಳಿ ಬ್ಯಾಡ, ಶಿಕ್ಕಾ ಬ್ಯಾಡ, ಬರೀ ಮೂಗು. ಖುಷಿ ತಡಕೊಳ್ಳಾಕ ಆಗದೆ ಎದ್ದು ನಿಂತು, ಬಸ್ಸಿಗೆಲ್ಲಾ ಕೇಳೋಹಂಗ ಹೇಳಿದೆ: "ಎಲ್ಲಾ ಬರಾಬರಿ ಹೇಳಿದ್ರಿ. ಮೂರೂ ಅಂಗಡಿ ಖರೇ, ಸರದಿನೂ ಖರೇ."

ಮುಂದಿನ ಸೀಟಿನ್ಯಾಗ ಒಂದು ರುಮಾಲು ಮೆಲ್ಲಕ ತಿರುಗ್ತು. ಅರಬಿ ಅಂಗಡಿ ಕಾಕಾ. ನನ್ನ ಒಮ್ಮೆ ನೋಡಿದ, ನನ್ನ ತೋಳು ಹಿಡಕೊಂಡ ಮುದುಕನ್ನ ಒಮ್ಮೆ ನೋಡಿದ. ಕಂಡಕ್ಟರಗ ಹೇಳಿ ಬಸ್ಸು ನಿಲ್ಲಿಸಿ ಇಳದು ಬಿಟ್ಟ. ಅವನ ಊರು ಇನ್ನೂ ಭಾಳ ದೂರ ಇತ್ತು. ಎರಡೂ ಕಡಿ ಬರೀ ತೊಗರಿ ಹೊಲ, ಅದರ ನಡುವ ಕಾಕಾ ಛತ್ರಿ ಬಗಲಾಗ ಇಟಗೊಂಡು ನಡಕೋತ ಹೊಂಟ.

ಮುದುಕ ಕಿಡಕಿಯಿಂದ ಇಣುಕಿ ನೋಡಿ, "ಪಾಪ, ವಾಸನಿ ತಡೀಲಿಲ್ಲ. ರೂಢಿ ಇಲ್ಲ ಕಾಣಸ್ತದ," ಅಂದ.

೪. ಮಾಲಕನ ಸಾಕ್ಷಿ

ಗೌಡ್ರು ಸಿಟ್ಟಿನ ಮನಷ್ಯಾ, ಆದ್ರ ಅನ್ಯಾಯದ ಮನಷ್ಯಾ ಅಲ್ಲ. ಮಂದಿ ಮಾತು ಕೇಳಿ ಸಂಬಂಧ ಮುರಿಯೋದು ಚಲೋ ಅಲ್ಲ ಅಂತ ನನಗ ಒಂದು ದಾರಿ ಕೊಟ್ರು. ಮಾಪು ನೋಡಾಕ ಸೇಂದಿ ಅಂಗಡಿಗೆ ಹೋದ್ರೂ ಅಲ್ಲಿ ನಾ ಕುಡಿಯಂಗಿಲ್ಲ ಅಂತ ಕಣ್ಣಾರೆ ಕಂಡ ಒಬ್ಬ ಸಾಕ್ಷಿ ತರಬೇಕು. ಆ ಸಾಕ್ಷಿನೂ ಕುಡಿಯೋ ಪೈಕಿ ಇರಬಾರದು, ಯಾಕಂದ್ರ ಕುಡುಕನ ಸಾಕ್ಷಿ ಸಾಕ್ಷಿ ಅಲ್ಲ.

ನಾ ಒಂದು ವಾರ ನಿದ್ದಿ ಬಿಟ್ಟು ವಿಚಾರ ಮಾಡಿದೆ. ಅಂಗಡಿಯಾಗ ನಾ ಕುಡಿಯದ್ದನ್ನ ನೋಡಬೇಕಂದ್ರ ಆ ಮನಷ್ಯಾ ಅಂಗಡಿ ಒಳಗ ಇರಬೇಕು. ಅಂಗಡಿ ಒಳಗ ಇದ್ದೂ ಕುಡಿಯದಾಂವ ಯಾರು? ನಾನು. ನನ್ನ ಬಿಟ್ರ ಇನ್ನೊಬ್ಬ ಇಲ್ಲ. ಹುಡುಗಿ ಮುಖ ಕಣ್ಣ ಮುಂದ ಬರ್ತಿತ್ತು.

ಅಷ್ಟರಾಗ ಹೊಳೀತು. ಆಳಂದದಾಗ ಒಬ್ಬ ಸೇಂದಿ ಅಂಗಡಿ ಮಾಲಕ ಇದ್ದ, ತನ್ನ ಸೇಂದಿ ತಾನು ಮುಟ್ಟತಿರಲಿಲ್ಲ, ಅದರಾಗ ಏನೇನದ ಅವಗ ಗೊತ್ತಿತ್ತು. ಅವನ್ನ ಕೈಕಾಲು ಬಿದ್ದು ಗೊಬ್ಬೂರಿಗೆ ಕರಕೊಂಡು ಹೋದೆ. ಪಾಪ, ಒಳ್ಳೆ ಮನಷ್ಯಾ. ಇಸ್ತ್ರಿ ಧೋತರ ಉಟ್ಟು, ಹಣಿಗೆ ವಿಭೂತಿ ಹಚಗೊಂಡು ಬಂದಿದ್ದ. ಪಡಸಾಲಿಯಾಗ ಗೌಡ್ರು, ನಾಲ್ಕು ಮಂದಿ ಹಿರ್ಯಾರು, ನಮ್ಮಪ್ಪ, ತೊಗರಿ ಹೊಲದ ಧೂಳು ಇನ್ನೂ ಮರೀದ ಅರಬಿ ಅಂಗಡಿ ಕಾಕಾ. ಬಾಗಿಲ ಹತ್ತಿರ ಗೌಡ್ರ ತಾಯಿ, ಎಪ್ಪತ್ತು ದಾಟಿದ ಆಯಿ, ಜಪಮಾಲಿ ಹಿಡಕೊಂಡು ಕುಂತಿದ್ಲು.

ಈ ಹುಡುಗ ನಿಮ್ಮ ಅಂಗಡಿಗೆ ಬಂದು ಏನು ಮಾಡ್ತಾನ ಅಂತ ಗೌಡ್ರು ಕೇಳಿದ್ರು. ಮಾಲಕ ನನ್ನ ಮ್ಯಾಲಿನ ಪ್ರೀತಿಲೆ ಸುರು ಮಾಡಿದ. ಸಾಹೇಬ್ರು ಬಂದ್ರ ನಮಗ ಹಬ್ಬ ಇದ್ದಂಗ. ಇದ್ದಷ್ಟು ಮಾಪು ಮುಂದ ಇಡ್ತೇವಿ. ಒಂದೊಂದೇ ತುಂಬಸ್ತಾರ, ಒಂದೊಂದೇ ಖಾಲಿ ಮಾಡ್ತಾರ. ಮಾತಿಲ್ಲ, ಕತಿಯಿಲ್ಲ. ಸಣ್ಣ ಮಾಪಿನಿಂದ ಸುರು ಮಾಡಿದ್ರ ದೊಡ್ಡ ಮಾಪಿನ ತನಕ ಹೋಗ್ತಾರ. ನಾ ಅವನ ಧೋತರ ಜಗ್ಗಿದೆ. ನೀರಿಂದು ಹೇಳು ಅಂತ ಕಣ್ಣಸನ್ನಿ ಮಾಡಿದೆ. ಅಂವಾ ತಿಳಕೊಂಡು ಗೋಣು ಹಾಕಿದ.

"ನೀರು ಬ್ಯಾರೆ ಕೇಳ್ತಾರ್ರಿ ಗೌಡ್ರ. ನೀರಿಲ್ಲದ ಅವರು ಸುರೂನೇ ಮಾಡಂಗಿಲ್ಲ. ಒಮ್ಮೊಮ್ಮೆ ಹದಿನಾರು ಮಾಪಿನ ತನಕ ಹೋಗ್ಯಾರ, ನಾನೇ ಎಣಿಸೇನಿ. ಆದ್ರ ಎದ್ದು ಹೋಗಬೇಕಾದ್ರ ಹೆಜ್ಜಿ ಒಂದು ತಪ್ಪಂಗಿಲ್ಲ. ಅಂಥಾ ಗಟ್ಟಿ ಹುಡುಗ ನಿಮಗ ಇನ್ನೊಬ್ಬ ಸಿಗಂಗಿಲ್ಲ."

೫. ಆಯಿ

ನಮ್ಮಪ್ಪ ನೆಲ ನೋಡಾಕತ್ತಿದ್ದ. ಗೌಡ್ರು ಎದ್ದು ಶಲ್ಯ ಹೆಗಲಿಗೆ ಹಾಕ್ಕೊಂಡು, ನಿಮಗ ಚಲೋ ಆಗಲಿ, ನಮ್ಮ ಹುಡುಗಿ ಋಣ ನಿಮ್ಮ ಮನಿಗೆ ಇಲ್ಲ ಅಂದ್ರು. ನಾನೂ ಎದ್ದೆ. ಒಳಗಿನ ಬಾಗಿಲ ಸಂದಿಯಾಗ ಆಕಿ ಸೀರಿ ಸೆರಗು ಕಾಣಾಕತ್ತಿತ್ತು, ಅದು ಅಲ್ಲೇ ನಿಂತಿತ್ತು, ಹೋಗಿರಲಿಲ್ಲ. ಸುಳ್ಳ ಹೇಳೋದಿಲ್ಲ, ಅವತ್ತ ಒಂದು ಕ್ಷಣ ನನಗೂ ಒಂದು ಲೋಟ ಹಾಕಬೇಕು ಅನಿಸಿತ್ತು.

ಆಗ ಬಾಗಿಲ ಹತ್ತಿರಿಂದ ಆಯಿ ಧ್ವನಿ ಬಂತು. "ಏ ತಮ್ಮಾ, ಕುಂಡ್ರು. ಈ ಹುಡುಗ ಕುಡಿಯಂಗಿಲ್ಲ."

ಗೌಡ್ರು, ನೀ ಸುಮ್ನ ಕುಂಡ್ರು ಯವ್ವಾ, ನಿನಗ ಇದೆಲ್ಲಾ ಗೊತ್ತಾಗಂಗಿಲ್ಲ ಅಂದ್ರು. ಆಯಿ ಸುಮ್ನ ಕುಂದರಲಿಲ್ಲ. ಮಾಲಿ ಉಡಿಯಾಗ ಇಟ್ಟು, ನಾ ಏನೇನು ಮಾಡ್ತೇನಿ ಅಂತ ಒಂದೊಂದೇ ಹೇಳಾಕ ಹತ್ತಿದ್ಲು. ಬಂದ ಕೂಡಲೇ ಒಂದು ಕೊಡ ನೀರು ಕೇಳ್ತಾನ. ಹಿತ್ತಾಳಿ ಮಾಪಿನ್ಯಾಗ ತುಂಬಿ ಅಂಗಡಿ ಮಾಪಿಗೆ ಸುರೀತಾನ. ಸುರದು ಬಗ್ಗಿ ನೋಡ್ತಾನ, ಬಗ್ಗಿದಾಗ ನಾಲಿಗಿ ಜರಾ ಹೊರಗ ಬರ್ತದ. ಆಮ್ಯಾಲ ಚೆಲ್ತಾನ. ಮಾಲಕ ಕೈ ಮುಗದು ಒಂದು ಗುಟುಕರೆ ತಗೋರಿ ಅಂದ್ರೂ ಮುಟ್ಟಂಗಿಲ್ಲ. ಸೇಂದಿ ಹೋಗ್ಲಿ, ಆ ನೀರು ಸೈತ ಕುಡಿಯಂಗಿಲ್ಲ. ಬಿಸಲಾಗ ಕುಂತು ಕೆಲಸ ಮಾಡಿ ಒಣ ಬಾಯಿಲೆ ಎದ್ದು ಹೋಗ್ತಾನ, ನೋಡಿದ್ರ ಕರುಳು ಚುರ್ ಅಂತದ.

ನಾಲಿಗಿ ಹೊರಗ ಬರೋದು ನಮ್ಮವ್ವ ಒಬ್ಬಾಕಿಗೆ ಗೊತ್ತಿದ್ದ ಮಾತು. ಹಿರ್ಯಾರು ಒಬ್ಬರ ಮುಖ ಒಬ್ಬರು ನೋಡಿದ್ರು. ಆಳಂದದ ಮಾಲಕ, ಹೌದ್ರಿ, ಹೌದ್ರಿ, ಇದನ್ನೇ ನಾನೂ ಹೇಳಿದ್ದು ಅಂತ ತಲಿ ಆಡಿಸಿದ. ಅರಬಿ ಅಂಗಡಿ ಕಾಕಾ ಮೊದಲನೇ ಸಲ ನನ್ನ ಕಡಿ ತಿರುಗಿ ಕುಂತ.

ಗೌಡ್ರು ಮಾತ್ರ ನಿಂತಲ್ಲೇ ನಿಂತಿದ್ರು. ಅವರ ಹಣಿ ಮ್ಯಾಲಿನ ವಿಭೂತಿ ಬೆವರಾಕ ಹತ್ತಿತ್ತು.

"ಯವ್ವಾ, ಇಷ್ಟೆಲ್ಲಾ ನೀ ಎಲ್ಲಿ ನೋಡ್ದಿ?"

"ಅಫಜಲಪುರದಾಗ. ಅಂಗಡಿ ಹಿಂದ, ಹೆಣಮಕ್ಕಳು ಕುಂದರೋ ಕಡಿ."

"ತಿಂಗಳಾ ತಿಂಗಳಾ ಕಣ್ಣಿನ ಔಷಧಕ್ಕ ಅಂತ ಅಫಜಲಪುರಕ್ಕ ಹೋಗ್ತಿಯಲ್ಲ ನೀನು."

"ಹೌದು. ಅದಕ್ಕ ಕಣ್ಣು ಇಷ್ಟು ಸಾಫ ಕಂಡಾವ."

ಒಳಗಿನ ಬಾಗಿಲ ಸಂದಿಯಾಗ ಯಾರೋ ಸೆರಗು ಬಾಯಿಗೆ ಒತ್ತಿ ಹಿಡಕೊಂಡ ಸಪ್ಪಳ ಬಂತು. ಗೌಡ್ರು ಎರಡು ಹೆಜ್ಜಿ ಮುಂದ ಬಂದ್ರು. ಧ್ವನಿ ಸಣ್ಣದಾಗಿತ್ತು.

"ಅಲ್ಲಿ ಎದಕ್ಕ ಹೋಗಿದ್ದಿ ಬೇ?"

ಆಯಿ ಒಂದು ಗಳಿಗಿ ನನ್ನ ನೋಡಿದ್ಲು, ಒಂದು ಗಳಿಗಿ ಮಗನ್ನ ನೋಡಿದ್ಲು. ಆಮ್ಯಾಲ ಸೆರಗು ತಲಿ ಮ್ಯಾಲ ಸರಿ ಮಾಡಿಕೊಂಡು ಅಂದ್ಲು:

"ವರನ್ನ ನೋಡಾಕ."

"ಈ ಸಂಬಂಧ ಬಂದು ಇನ್ನೂ ಎರಡು ತಿಂಗಳಾಗಿಲ್ಲ. ನೀ ಯಾವಾಗಿಂದ ನೋಡಾಕತ್ತಿ?"

"ಮೂರು ವರ್ಷಾತು," ಅಂತ ಆಯಿ ಜಪಮಾಲಿ ತಿರುಗಿ ಕೈಯಾಗ ತಗೊಂಡ್ಲು. "ಚಲೋ ವರ ಅಂದ್ರ ಒಮ್ಮೆ ನೋಡಿದ್ರ ಸಿಗ್ತಾನೇನೋ, ತಮ್ಮಾ?"